ನಾಲ್ಕು ನಾಜಲ್, ನಾಲ್ಕು ಬಣ್ಣ

ಮಂಡಕ್ಕಿ ಹೊತ್ತ ಗಾಡಿ ಏದುಸಿರು ಬಿಟ್ಟರೆ ಯಾರಿಗಾದರೂ ಅನುಮಾನ ಬರಲೇಬೇಕು. ಕಬ್ಬಿಣ ಹೊತ್ತು ಏದುಸಿರು ಬಿಟ್ಟರೆ ಸರಿ, ಸಿಮೆಂಟು ಹೊತ್ತರೂ ಸರಿ. ನಮ್ಮ ಭಾವನ ಹಳೇ ಪಿಕಪ್ ಹೊರುತ್ತಿದ್ದುದು ಬರೀ ಮಂಡಕ್ಕಿ. ನೋಡಲು ಆಳೆತ್ತರದ ಚೀಲಗಳು, ಕ್ಯಾಬಿನ್ನಿನ ಮೇಲೆ ಇನ್ನೊಂದು ಮನೆ ಕಟ್ಟಿದಷ್ಟು ಲೋಡು. ತೂಕ ನೋಡಿದರೆ ಗಾಳಿಗೆ ಅಂಗಿ ತೊಡಿಸಿದ ಹಾಗೆ. ಅಂಥ ಗಾಡಿ ಬಸವಾಪಟ್ಟಣ ದಾಟಿದ ಮೇಲೆ ಒಂದು ಸಣ್ಣ ಏರಿನಲ್ಲಿ ಕಪ್ಪು ಹೊಗೆ ಕಾರಿ, ಮೈ ನಡುಗಿಸಿ, ಎರಡನೇ ಗೇರಿಗೆ ಬಂದು ನಿಂತಿತು. ಹಿಂದಿನಿಂದ ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆ ಕಟ್ಟಿಕೊಂಡು ಬಂದ ಯಜಮಾನರೊಬ್ಬರು ನಮ್ಮನ್ನು ದಾಟಿ, ತಿರುಗಿ ನೋಡಿ, ನಕ್ಕು ಹೋದರು.

ಭಾವ ಅಂದರೆ ಅಕ್ಕನ ಗಂಡ. ಚನ್ನಗಿರಿಯಲ್ಲಿ ಅವರ ಮನೆಯಲ್ಲೇ ನನ್ನ ಊಟ, ಅವರ ಗಾಡಿಯಲ್ಲೇ ನನ್ನ ಕೆಲಸ. ಚೀಲ ಹತ್ತಿಸುವುದು, ಇಳಿಸುವುದು, ಹಗ್ಗ ಬಿಗಿಯುವುದು. ಇಷ್ಟಕ್ಕೆ ನನ್ನನ್ನು ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲ. ನನಗಿದ್ದ ಬೆಲೆಯೆಲ್ಲ ಬಾಯಿಯದು. ಬಸ್ ಕಂಡಕ್ಟರು, ಕೋಳಿ, ಅಕ್ಕನ ಮಿಕ್ಸಿ, ಊರಿನ ದೊಡ್ಡ ಮನುಷ್ಯರ ಕೆಮ್ಮು, ಎಲ್ಲವನ್ನೂ ಹಾಗೇ ಮಾಡಿ ತೋರಿಸುತ್ತಿದ್ದೆ. ಭಾವ ಸಿಟ್ಟು ಬಂದಾಗ ಮೂಗಿನಿಂದ ಮಾತಾಡುತ್ತಾರೆ. ಅವರು ಬೈಯುವ ಮೊದಲೇ ನಾನು ಅವರ ಮೂಗಿನಲ್ಲಿ ನನ್ನನ್ನು ಬೈದುಕೊಂಡು ಮುಗಿಸುತ್ತಿದ್ದೆ. ಅವರಿಗೆ ಅರ್ಧ ಕೆಲಸ ಉಳಿಯುತ್ತಿತ್ತು.

ಅನುಮಾನ ನಮ್ಮ ವ್ಯಾಪಾರದ ಜೊತೆಗೇ ಬಂದ ಗುಣ. ಮಂಡಕ್ಕಿ ಕೊಳ್ಳುವ ಅಂಗಡಿಯವರು ಚೀಲವನ್ನು ಮೊಣಕೈಯಿಂದ ಒತ್ತಿ ನೋಡುತ್ತಾರೆ, ಒಳಗೆ ಪೊಳ್ಳಿದೆಯೇ ಎಂದು. ಪೊಳ್ಳನ್ನೇ ಮಾರುವವರನ್ನು ಪೊಳ್ಳಿದೆಯೇ ಎಂದು ಕೇಳಿದರೆ ಏನು ಹೇಳುವುದು? ಅವರು ನಮ್ಮನ್ನು ಅನುಮಾನಿಸಿದರೆ ನಾವು ಉಳಿದವರನ್ನೆಲ್ಲ ಅನುಮಾನಿಸಿ ಸಮ ಮಾಡಿಕೊಳ್ಳುತ್ತಿದ್ದೆವು. ಗಾಡಿ ನಡುಗಿದ ದಿನ ಭಾವನ ಮೊದಲ ಅನುಮಾನ ಡೀಸೆಲ್ ಮೇಲೆ. ಎರಡನೆಯದು ನನ್ನ ಮೇಲೆ.

"ನಿನ್ನೆ ನೀನು ಓಡಿಸಿದ್ಯಲ್ಲ, ಏನು ಮಾಡಿದೆ?"

"ನಾನೇನು ಮಾಡಲಿ ಭಾವ, ಪ್ರೀತಿ ಮಾಡಿದೆ. ನಿಮ್ಮ ಕೈಯಾಗೆ ಅದಕ್ಕೆ ಅದು ಸಿಕ್ಕಿಲ್ಲಲ್ಲ, ಮೈ ನಡುಗ್ತೈತೆ."

ಮರುದಿನ ನ್ಯಾಮತಿಯ ಮೇಸ್ತ್ರಿಯ ಹತ್ತಿರ ಹೋದೆವು. ನಮ್ಮ ಲೈನಿನ ಡ್ರೈವರುಗಳಿಗೆಲ್ಲ ಅವರೇ ಡಾಕ್ಟರು. ಅರವತ್ತು ದಾಟಿದ ಮನುಷ್ಯ, ಮೂಗಿನ ಮೇಲೆ ಕನ್ನಡಕ, ತಗಡಿನ ಶೆಡ್ಡು, ಬಾಗಿಲಲ್ಲಿ ಬೋರ್ಡಿಲ್ಲ. ಬೋರ್ಡು ಯಾಕಿಲ್ಲವೆಂದರೆ, ಒಬ್ಬ ಡ್ರೈವರು ಇನ್ನೊಬ್ಬನಿಗೆ "ಅಲ್ಲಿಗೆ ಹೋಗು" ಎಂದು ಹೇಳುವುದರಲ್ಲೇ ಅವರ ಸಂಸಾರ ನಡೆದಿತ್ತು. ಆ ಮಾತು ನಿಂತರೆ ಶೆಡ್ಡು ನಿಂತಂತೆ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಮುಂದಿನದೆಲ್ಲ ಮಾಡಿದೆ ಎಂಬುದೇ ಈ ಕಥೆ.

ಬಾನೆಟ್ ಎತ್ತುವ ಮೊದಲು ಮೇಸ್ತ್ರಿ ನನ್ನ ಕಡೆ ನೋಡಿದರು. "ಏರಿನಾಗೆ ಹೆಂಗೆ ಸದ್ದು ಮಾಡ್ತು? ನೀನು ಮಾಡಿ ತೋರ್ಸಪ್ಪ, ಭಾರಿ ಮಾಡ್ತೀಯಂತೆ."

ನಾನು ಮಾಡಿದೆ. ಧಡ್, ಧಡ್, ಫುಸ್, ಧಡ್. ಹೊಗೆಯನ್ನೂ ಮಾಡುತ್ತಿದ್ದೆ, ಬೀಡಿ ಇರಲಿಲ್ಲ.

"ನಾಲ್ಕರಾಗೆ ಒಂದು ಸತ್ತೈತೆ" ಎಂದರು. ಯಾವುದು ಎಂದು ಹುಡುಕಿದ ರೀತಿ ಚೆನ್ನಾಗಿತ್ತು. ಹೊಸ ಗಾಡಿಗಳಿಗೆ ಕಂಪ್ಯೂಟರು ಚುಚ್ಚಿ ಕೇಳುತ್ತಾರೆ. ನಮ್ಮದಕ್ಕೆ ಚುಚ್ಚಲು ಜಾಗವೇ ಇಲ್ಲ. ಇಂಜಿನ್ನಿನ ತಲೆಯ ಮೇಲೆ ಸಾಲಾಗಿ ನಾಲ್ಕು ಇಂಜೆಕ್ಟರು ಕೂತಿರುತ್ತವೆ, ನಮ್ಮ ಕಡೆ ಎಲ್ಲರೂ ಅವನ್ನು ನಾಜಲ್ ಎನ್ನುತ್ತಾರೆ. ಡೀಸೆಲನ್ನು ಮಂಜಿನ ಹಾಗೆ ಒಳಗೆ ಊದುವುದು ಅವುಗಳ ಕೆಲಸ. ಮೇಸ್ತ್ರಿ ಇಂಜಿನ್ ಚಾಲೂ ಇಟ್ಟು, ಒಂದೊಂದೇ ನಾಜಲ್ಲಿಗೆ ಬರುವ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ, ಕಿವಿ ಕೊಟ್ಟು, ಮತ್ತೆ ಬಿಗಿದರು. ಮೊದಲನೆಯದು ಸಡಿಲಿಸಿದಾಗ ಇಂಜಿನ್ ಮುಗ್ಗರಿಸಿತು. ಎರಡನೆಯದಕ್ಕೂ ಮುಗ್ಗರಿಸಿತು. ಮೂರನೆಯದು ಸಡಿಲಿಸಿದರೆ ಏನೂ ಬದಲಾಗಲಿಲ್ಲ. ಬಾರದವನ ಹೆಸರು ಹಾಜರಿಯಲ್ಲಿ ಕೂಗಿದ ಹಾಗೆ.

"ಮೂರನೇದು ಐತೆ ನೋಡು" ಎಂದರು.

ನಾಲ್ಕನ್ನೂ ಬಿಚ್ಚಿ ಕೈಪಂಪಿಗೆ ಹಾಕಿ ಒತ್ತಿದರು. ಮೂರು ಮಂಜು ಊದಿದವು. ಮೂರನೆಯದು ನೆಗಡಿ ಬಂದ ಮಗುವಿನ ಮೂಗಿನಂತೆ ಸೋರಿತು. "ಇದೊಂದು ಹೊಸದು ಬೇಕು. ನಾಳೆ ತರಿಸ್ತೀನಿ. ಉಳಿದ ಮೂರು ಗಟ್ಟಿ ಅದಾವೆ."

ಇಲ್ಲೇ ನಮ್ಮಿಬ್ಬರ ಮುಖ ಸಪ್ಪಗಾಯಿತು. ನಾಲ್ಕೂ ಹಾಳಾಗಿವೆ ಎಂದಿದ್ದರೆ ಕಳ್ಳ ಎಂದು ಖಚಿತವಾಗಿ ನೆಮ್ಮದಿಯಾಗಿ ಇರಬಹುದಿತ್ತು. ಒಂದೇ ಎಂದರೆ ಏನರ್ಥ? ರಾತ್ರಿಯೆಲ್ಲ ನಮ್ಮ ಮೂರು ಒಳ್ಳೆಯ ನಾಜಲ್ ಇವರ ಶೆಡ್ಡಿನಲ್ಲಿರುತ್ತವೆ. ಒಳ್ಳೆಯದು ಇಟ್ಟುಕೊಂಡು ಯಾರದೋ ಹಳೆಯದನ್ನು ಹಾಕಿದರೆ? ಭಾವ ನನ್ನ ಪಕ್ಕೆಗೆ ತಿವಿದರು. ನಾನು ಆಕಾಶ ನೋಡಿದೆ. ಮೇಸ್ತ್ರಿ ನಮ್ಮಿಬ್ಬರನ್ನೂ ನೋಡಿ, ನಾಲ್ಕನ್ನೂ ಪೇಪರಿನಲ್ಲಿ ಸುತ್ತಿ ಭಾವನ ಕೈಗಿಟ್ಟರು.

"ನಿಮ್ಮ ಸಾಮಾನು ನಿಮ್ಮ ಮನ್ಯಾಗೆ ಮಲಗಲಿ. ನಾಳೆ ತಗಂಡು ಬರ್ರಿ. ಗುರುತು ಬೇಕಾದ್ರೆ ಹಾಕ್ಕೊಳ್ರಿ, ಎಲ್ಲಾರೂ ಹಾಕ್ತಾರೆ. ಬಿಚ್ಚಬ್ಯಾಡ್ರಿ ಅಷ್ಟೆ."

ಗುರುತು ಹಾಕುವುದು ನಮ್ಮ ಕಡೆ ಇದ್ದದ್ದೇ. ಬ್ಯಾಟರಿಗೆ, ಸ್ಟೆಪ್ನಿಗೆ, ಬಾಡಿಗೆಗೆ ಕೊಟ್ಟ ಪಾತ್ರೆಗೆ, ಎಲ್ಲಕ್ಕೂ ಬಣ್ಣದ ಒಂದು ಬೊಟ್ಟು. ಪಿಕಪ್ಪನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಚನ್ನಗಿರಿಗೆ ಬಂದೆವು. ನಾಜಲ್ಲುಗಳು ಭಾವನ ತೊಡೆಯ ಮೇಲೆ ಕೂತು ಬಂದವು, ಟಿಕೆಟ್ಟಿಲ್ಲದೆ.

ಸಂಜೆ ಹಿತ್ತಲಿನಲ್ಲಿ ಕೂತೆ. ಅಕ್ಕನ ನೇಲ್ ಪಾಲಿಶಿನ ಡಬ್ಬಿಯಿಂದ ನಾಲ್ಕು ಬಾಟಲಿ ಎತ್ತಿದ್ದೆ. ಒಂದನೆಯದಕ್ಕೆ ಕೆಂಪು, ಎರಡನೆಯದಕ್ಕೆ ಗುಲಾಬಿ, ಕೆಟ್ಟ ಮೂರನೆಯದಕ್ಕೆ ನೀಲಿ, ನಾಲ್ಕನೆಯದಕ್ಕೆ ಮಿರಿಮಿರಿ ಚಿನ್ನದ ಬಣ್ಣ. ಹೊರಮೈಗೆ ಹಚ್ಚಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣ. ಆದರೆ ಅನುಮಾನಕ್ಕೆ ಒಂದು ಬಾಗಿಲು ತೆರೆದರೆ ಅದು ಅಡುಗೆಮನೆಯವರೆಗೂ ಬರುತ್ತದೆ. ಮೇಸ್ತ್ರಿ ಮೈ ಹಾಗೇ ಬಿಟ್ಟು ಒಳಗಿನ ಕರುಳು ಬದಲಾಯಿಸಿದರೆ? ಹೊರಗಿನ ಬಣ್ಣ ನೋಡಿಕೊಂಡು ನಾನು ಮಂಗನಾಗಬೇಕೇ?

ಪಕ್ಕದ ಮನೆಯವರ ವೈಸಿನ ಕಬ್ಬಿಣದ ದವಡೆಯಲ್ಲಿ ಹಿಡಿದು, ಪಾನಾ ಹಾಕಿ ನಾಲ್ಕನ್ನೂ ಬಿಚ್ಚಿದೆ. ಒಂದೊಂದರ ಒಳಗೂ ಒಂದೊಂದು ಸೂಜಿ; ಬೆರಳುದ್ದವೂ ಇಲ್ಲದ, ಕನ್ನಡಿಯಂತೆ ಹೊಳೆಯುವ ಉಕ್ಕಿನ ಕಡ್ಡಿ. ನಾಲ್ಕನ್ನೂ ಒಂದೇ ಬಟ್ಟಲಿನ ಸೀಮೆಎಣ್ಣೆಯಲ್ಲಿ ತೊಳೆದೆ. ಒರೆಸಿದೆ. ನಾಲ್ಕೂ ಒಂದೇ ಥರ ಇದ್ದವು. ಕೈಗೆ ಸಿಕ್ಕಿದ್ದನ್ನು ಕೆಂಪಿನೊಳಗೆ ಇಳಿಸಿ, ಅದರ ತುದಿಗೂ ಒಂದು ಕೆಂಪು ಚುಕ್ಕೆ ಇಟ್ಟೆ. ಹೀಗೇ ಗುಲಾಬಿ, ನೀಲಿ, ಚಿನ್ನ. ಕೆಲಸ ಮುಗಿದಾಗ ನನಗೆ ನನ್ನ ಮೇಲೆಯೇ ಗೌರವ ಬಂತು. ಅಕ್ಕ ಬಂದು ಬಾಟಲಿಗಳನ್ನು ನೋಡಿ, "ಲೇ, ಏನಾತಲೇ ನಿನಗೆ?" ಎಂದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಪೇಪರು ಬಿಡಿಸಿ ನಕ್ಕರು. "ಓಹೋ, ಸಿಂಗಾರ ಮಾಡ್ಕೊಂಡು ಬಂದಾವೆ." ಆಮೇಲೆ ಒಂದನ್ನು ಬೆಳಕಿಗೆ ಹಿಡಿದರು. ನಟ್ಟಿನ ಮೂಲೆಯಲ್ಲಿ ಹೊಸ ಗೀರು.

"ಬಿಚ್ಚಿದೇನಪ್ಪ?"

"ಇಲ್ಲ ಮೇಸ್ತ್ರಿ" ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ, ಬೇರೆ ಯಾರದೋ ದನಿಯಲ್ಲಿ ಹೇಳಿದೆನೇನೋ ಎನಿಸಿತು.

ಮೂರನೆಯದರ ಜಾಗಕ್ಕೆ ಹೊಸದನ್ನು ಇಡಿಯಾಗಿ ಹಾಕಿದರು. ಹಳೇ ನೀಲಿಯನ್ನು ಪೇಪರಿನಲ್ಲಿ ಸುತ್ತಿ ವಾಪಸು ಕೊಟ್ಟರು. "ಉಳಿದ ಮೂರೂ ಇನ್ನೊಂದ್ಸಲ ಪಂಪಿಗೆ ಹಾಕಿ ನೋಡಾಣ" ಎಂದರು. ನಿನ್ನೆ ಹೊರಗಿದ್ದ ಪಂಪು ಇವತ್ತು ಶೆಡ್ಡಿನ ಒಳಕೋಣೆ ಸೇರಿತ್ತು. ಒಳಕೋಣೆ ಎಂದರೆ ಕಣ್ಣಿಗೆ ಕಾಣದ ಜಾಗ. ನಾನು ಭಾವನ ಕಿವಿಯಲ್ಲಿ, "ಒಳಗೆ ಬಿಡಬ್ಯಾಡ್ರಿ" ಎಂದೆ. ಭಾವ, "ನಿನ್ನೆ ನೋಡಿದ್ರಲ್ಲ, ಬಿಡ್ರಿ. ಲೋಡು ಕಾಯ್ತೈತೆ" ಎಂದರು. ಮೇಸ್ತ್ರಿ ಭುಜ ಕುಣಿಸಿ ಮೂರನ್ನೂ ಹಾಗೇ ಕೂರಿಸಿದರು.

ಹೊನ್ನಾಳಿಗೆ ಬರುವಷ್ಟರಲ್ಲಿ ಗಾಡಿ ಮೊದಲಿಗಿಂತ ಕೆಟ್ಟದಾಗಿ ಕೆಮ್ಮುತ್ತಿತ್ತು. ಈಗ ಹೊಗೆ ಬಿಳಿ, ಸದ್ದು ಸುತ್ತಿಗೆಯದು. ಭಾವ ಮೂಗಿನಿಂದ, "ಹಾಕ್ದ ನೋಡು ಟೋಪಿ" ಎಂದರು. ಡ್ರೈವರುಗಳು ನಿಲ್ಲುವ ಟೀ ಅಂಗಡಿಯ ಮುಂದೆ ಗಾಡಿ ನಿಂತಿತು. ಏಳೆಂಟು ಮಂದಿ ಇದ್ದರು. "ಏನಾತೋ?" ಎಂದು ಒಬ್ಬ ಕೇಳಿದ. ಅಷ್ಟು ಸಾಕಿತ್ತು ನನಗೆ.

ನಾನು ಬೆನ್ನು ಸ್ವಲ್ಪ ಬಾಗಿಸಿದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ ಹಾಗೆ ಮಾಡಿದೆ, ಕಿವಿ ಇಂಜಿನ್ನಿಗೆ ಕೊಟ್ಟೆ. ಒಂದು ಕೈಯಲ್ಲಿ ನಟ್ಟು ತಿರುಗಿಸುತ್ತ, "ಮೂರನೇದು ಐತೆ ನೋಡು" ಎನ್ನುತ್ತ, ಇನ್ನೊಂದು ಕೈಯಲ್ಲಿ ಒಳ್ಳೆಯ ನಾಜಲನ್ನು ಮೆಲ್ಲಗೆ ಚಡ್ಡಿಯ ಜೇಬಿಗೆ ಇಳಿಸಿದೆ. "ನಿಮ್ಮ ಸಾಮಾನು ನಿಮ್ಮ ಮನ್ಯಾಗೆ ಮಲಗಲಿ" ಎಂದಾಗ ಇನ್ನೊಂದು ಜೇಬಿಗೆ ಇನ್ನೊಂದು. ಟೀ ಕುಡಿಯುತ್ತಿದ್ದವನಿಗೆ ನೆತ್ತಿಗೇರಿತು. ಯಾರೋ ಮೊಬೈಲಿನಲ್ಲಿ ಹಿಡಿದರು. "ಇನ್ನೊಂದ್ಸಲ ಮಾಡಲೇ!" ಎಂದರು. ಮೂರು ಸಲ ಮಾಡಿದೆ. ಹೇಳಬಾರದು, ಆದರೆ ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ಎರಡು ವಾರದಲ್ಲಿ ಆ ವಿಡಿಯೊ ನಮ್ಮ ಲೈನಿನ ಎಲ್ಲ ಮೊಬೈಲುಗಳನ್ನೂ ಸುತ್ತಿ, ನನಗೇ ಒಬ್ಬ ಅಪರಿಚಿತನಿಂದ ಬಂತು, 'ನೋಡಿ ನಗಿ' ಎಂಬ ಮಾತಿನ ಸಮೇತ. ಟೀ ಅಂಗಡಿಯಲ್ಲಿ ಯಾರ ಬಿಸ್ಕತ್ತು ಕಾಣೆಯಾದರೂ "ಮೂರನೇದು ಐತೆ ನೋಡು" ಎನ್ನುವುದು ರೂಢಿಯಾಯಿತು. ನ್ಯಾಮತಿಗೆ ಹೋಗುವ ಡ್ರೈವರುಗಳು ಶೆಡ್ಡಿನ ಮುಂದೆ ನಿಲ್ಲಿಸುವುದನ್ನು ಬಿಟ್ಟರು. ನಾವೂ ಅದರ ಮುಂದೆ ಬಂದಾಗ ಗಾಡಿ ಜೋರು ಮಾಡುತ್ತಿದ್ದೆವು. ಎಂದರೆ ಜೋರು ಮಾಡಲು ಪ್ರಯತ್ನಿಸುತ್ತಿದ್ದೆವು. ಒಮ್ಮೆ ಕಂಡದ್ದು: ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ನಮ್ಮ ಗಾಡಿಯ ಸದ್ದಿಗೆ ತಲೆ ಎತ್ತಿ, ಕಿವಿಯನ್ನು ಸ್ವಲ್ಪ ಓರೆ ಮಾಡಿದರು.

ಜಗಳೂರಿಗೆ ಲೋಡು ಒಯ್ಯುವಾಗ ಬಿಳಿಚೋಡಿನ ಹತ್ತಿರ ಗಾಡಿ ಪೂರ್ತಿ ಕೈಕೊಟ್ಟಿತು. ಕುರಿಮಂದೆ ದಾಟಲು ನಿಂತದ್ದು ಮತ್ತೆ ಚಾಲೂ ಆಗಲಿಲ್ಲ. ಮಂಡಕ್ಕಿ ಚೀಲ ನೋಡಿ ಒಂದು ಟಗರು ನಿಂತ ಜಾಗ ಬಿಟ್ಟು ಕದಲಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಜಗಳೂರಿಗೆ ಎಳೆಸಿಕೊಂಡು ಹೋದೆವು. ಅಲ್ಲಿ ಡೀಸೆಲ್ ಪಂಪು, ನಾಜಲ್ ರಿಪೇರಿ ಮಾಡುವ ಒಬ್ಬರಿದ್ದರು. ಭಾವ ಅವರನ್ನು "ಭಾಯ್" ಎಂದು ಕರೆದು, ಕೂತ ಕೂಡಲೇ ನ್ಯಾಮತಿಯ ಕಳ್ಳತನದ ವಿವರ ಒಪ್ಪಿಸಿದರು.

ಭಾಯ್ ನಾಜಲ್ಲುಗಳನ್ನು ಹೊರಗೆ ತೆಗೆದು, ಬಣ್ಣ ನೋಡಿ, ನನ್ನ ಮುಖ ನೋಡಿದರು. "ಇವುಕ್ಕೆ ಯಾರ್ರೀ ನೇಲ್ ಪಾಲಿಶ್ ಹಚ್ಚಿದ್ದು? ಶಾದಿಗೆ ಕರ್ಕೊಂಡು ಹೊಂಟಿದ್ರಾ?"

"ಕದೀಬಾರ್ದು ಅಂತ" ಎಂದೆ. "ಒಳಗೂ ಹಚ್ಚೀನಿ. ಬಿಚ್ಚಿ ನೋಡ್ರಿ, ಬಣ್ಣ ಬೇರೆ ಇರ್ತೈತೆ. ಅವರ ಬಂಡವಾಳ ಗೊತ್ತಾಗ್ತೈತೆ."

ಬಿಚ್ಚಿದರು. ಕೆಂಪಿನೊಳಗೆ ಕೆಂಪು ಚುಕ್ಕೆ. ಗುಲಾಬಿಯೊಳಗೆ ಗುಲಾಬಿ. ಚಿನ್ನದೊಳಗೆ ಚಿನ್ನ. ನಾನು ಬಗ್ಗಿ ಇನ್ನೊಮ್ಮೆ ನೋಡಿದೆ. ಯಾರೂ ಏನನ್ನೂ ಬದಲಾಯಿಸಿರಲಿಲ್ಲ.

"ಬದಲಾಗಿಲ್ಲ ಅಂದ್ಮೇಲೆ ಯಾಕ್ರೀ ಹಿಂಗಾತು?" ಭಾವ ಕೇಳಿದರು.

ಭಾಯ್ ಕೆಂಪಿನ ಸೂಜಿಯನ್ನು ಸ್ವಲ್ಪ ಹೊರಗೆಳೆದು, ಓರೆಯಾಗಿ ಹಿಡಿದು ಬಿಟ್ಟರು. ಅದು ಅಲ್ಲೇ ಕಚ್ಚಿಕೊಂಡಿತು. ಗುಲಾಬಿಯದು ಟಕ್ಕನೆ ಬಿತ್ತು. ಆಮೇಲೆ ಗುಲಾಬಿಯ ಸೂಜಿಯನ್ನು ಕೆಂಪಿನೊಳಗೆ ಇಟ್ಟು ಬಿಟ್ಟರು. ಅದು ತನ್ನ ಪಾಡಿಗೆ, ಆತುರವಿಲ್ಲದೆ, ತುಪ್ಪದೊಳಗೆ ಚಮಚ ಇಳಿದ ಹಾಗೆ ಇಳಿಯಿತು.

"ಇದರ ಮನೆ ಇದು" ಎಂದರು. "ಒಂದೊಂದು ಸೂಜೀನೂ ಅದರದರ ಮೈಗೇ ಅಂತ ಉಜ್ಜಿ ಕೂರ್ಸಿರ್ತಾರೆ. ಕಣ್ಣಿಗೆ ಎಲ್ಲಾ ಒಂದೇ. ಅದಲು ಬದಲು ಆದ್ರೆ ಸೋರ್ತಾವೆ, ಇಲ್ಲಾ ಕಚ್ಕೊತಾವೆ. ಚುಕ್ಕಿ ಇಡೋ ಮೊದ್ಲೇ ಅದಲು ಬದಲು ಆಗ್ಯಾವೆ. ಚುಕ್ಕಿ ಇಟ್ಟೋರು ಯಾರು?"

ಭಾವ ನಿಧಾನವಾಗಿ ನನ್ನ ಕಡೆ ತಿರುಗಿದರು. ಮೂಗಿನಿಂದ ಮಾತಾಡಲಿಲ್ಲ. "ನೀನು ಬಿಚ್ಚಿದ್ಯಾ?"

ಅವರ ದನಿ ತೆಗೆದು ನನ್ನನ್ನು ನಾನೇ ಬೈದುಕೊಳ್ಳಬೇಕು ಎಂದುಕೊಂಡೆ. ಬಾಯಿಗೆ ಯಾರ ದನಿಯೂ ಬರಲಿಲ್ಲ.

ಸೀಟಿನ ಕೆಳಗಿದ್ದ ಹಳೇ ನೀಲಿಯನ್ನೂ ಬಿಚ್ಚಿದರು. ಅದರೊಳಗೆ ಚಿನ್ನದ ಮನೆಯ ಸೂಜಿ ಇತ್ತು. ಕೆಟ್ಟ ಸೂಜಿ ಚಿನ್ನದೊಳಗೆ ಸೇರಿ ಅದನ್ನೂ ಕೆಡಿಸುತ್ತಿತ್ತು. ಎಲ್ಲವನ್ನೂ ಅವುಗಳ ಮನೆಗೆ ಸೇರಿಸಿ ಪಂಪಿಗೆ ಹಾಕಿದಾಗ ಮೂರೂ ಮಂಜು ಊದಿದವು. "ನಿಮ್ಮ ನಸೀಬು, ಕೆಟ್ಟಿಲ್ಲ" ಎಂದರು ಭಾಯ್. "ನ್ಯಾಮತಿಯೋರು ಮೂರನೇದು ಒಂದೇ ಹೋಗೈತೆ ಅಂದಿದ್ದು ಸರಿ ಐತೆ." ಗಾಡಿ ಒಂದೇ ಏಟಿಗೆ ಚಾಲೂ ಆಯಿತು.

ವಾಪಸು ಬರುವಾಗ ಭಾವ ಹಳೇ ನೀಲಿಯನ್ನು ನನ್ನ ತೊಡೆಯ ಮೇಲಿಟ್ಟು ಗಾಡಿ ಓಡಿಸಿದರು. ಇಂಜಿನ್ ಸುಖವಾಗಿ ಗುನುಗುತ್ತಿತ್ತು. ಅದು ಇನ್ನೂ ಕಷ್ಟ.

ಮರುದಿನ ನ್ಯಾಮತಿಯಲ್ಲಿ ಮೇಸ್ತ್ರಿಯ ಮುಂದೆ ನಿಂತೆ. "ಮೇಸ್ತ್ರಿ, ಬಿಚ್ಚಿದ್ದೆ" ಎಂದೆ.

"ಗೀರು ನೋಡಿದ್ದೆನಲ್ಲಪ್ಪ."

"ಮತ್ತೆ ಯಾಕೆ ಇನ್ನೊಂದ್ಸಲ ಕೇಳಲಿಲ್ಲ?"

"ಒಂದ್ಸಲ ಕೇಳೋದು ಕೆಲಸ. ಎರಡನೇ ಸಲ ಕೇಳಿದ್ರೆ ನಿನ್ನ ಮಾತಿನ ಮೇಲೆ ಅನುಮಾನ ಪಟ್ಟಂಗೆ." ಸ್ಟೂಲನ್ನು ಪಕ್ಕಕ್ಕೆ ಸರಿಸಿ, "ಪಡಬೇಕಿತ್ತು" ಎಂದರು.

ತಪ್ಪಾಯಿತು ಎಂದೆ. ಅವರು ಮೊಬೈಲು ತೆಗೆದು ಆ ವಿಡಿಯೊ ಹಚ್ಚಿದರು. ನನ್ನೆದುರಿಗೆ ನಾನು ಅವರಾಗಿ ಜೇಬಿಗೆ ನಾಜಲ್ ಇಳಿಸುತ್ತಿದ್ದೆ. ಪೂರ್ತಿ ನೋಡಿದರು. "ಕಿವಿ ಕೊಡೋದು ಚಲೋ ಮಾಡೀಯ" ಎಂದರು. "ಜೇಬು ಮಾತ್ರ ನನ್ನದಲ್ಲ. ನನ್ನ ಚಡ್ಡಿಗೆ ಜೇಬೇ ಇಲ್ಲ. ನನ್ನ ಹತ್ರ ತಪ್ಪಾತು ಅಂದ್ರೆ ನನ್ನ ಶೆಡ್ಡಿಗೆ ಗಾಡಿ ಬರ್ತಾವೇನಪ್ಪ? ಎಲ್ಲಿ ಆಡಿದ್ಯೋ ಅಲ್ಲಿಗೆ ಹೋಗು. ಅರ್ಧಕ್ಕೆ ನಿಲ್ಸೀಯ, ಪೂರ್ತಿ ಆಡು."

ಹೊನ್ನಾಳಿಯ ಅದೇ ಟೀ ಅಂಗಡಿ, ಹೆಚ್ಚುಕಡಿಮೆ ಅದೇ ಜನ. ನನ್ನನ್ನು ಕಂಡ ಕೂಡಲೇ, "ಬಂದ ನೋಡು ಮೂರನೇದು!" ಎಂದರು. ನಾನು ಈ ಸಲ ನನ್ನನ್ನೇ ಆಡಿದೆ. ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ನಾಲಿಗೆ ಹೊರಗೆ ಹಾಕಿ, ನಾಜಲ್ಲಿನ ಉಗುರಿಗೆ ಪಾಲಿಶ್ ಹಚ್ಚುವವನು. ಬಟ್ಟಲಲ್ಲಿ ಸೂಜಿ ತೊಳೆಯುವವನು. "ಬಿಚ್ಚಿದೇನಪ್ಪ?" ಎಂದಾಗ ಹಾಲು ಕುಡಿದ ಬೆಕ್ಕಿನಂತೆ "ಇಲ್ಲ ಮೇಸ್ತ್ರಿ" ಎನ್ನುವವನು. ನಕ್ಕರು. ನಗು ಮುಗಿದ ಮೇಲೆ ಲಗೇಜ್ ಆಟೋದವನೊಬ್ಬ ಕೇಳಿದ, "ಎಷ್ಟು ಕೊಟ್ಟನಲೇ ಮುದುಕ?"

ಉಳಿದವರೂ ತಲೆ ಆಡಿಸಿದರು. ಅವರದೇನು ತಪ್ಪು? ಸುಳ್ಳನ್ನು ಅಷ್ಟು ಚೆನ್ನಾಗಿ ಆಡಿದವನು ಈಗ ನಿಜ ಎಂದು ತಂದರೆ ಅದರ ಚೀಲವನ್ನೂ ಮೊಣಕೈಯಿಂದ ಒತ್ತಿ ನೋಡಬೇಕಲ್ಲ.

ಆಗ ಭಾವ ಎದ್ದರು. ನಾಲ್ಕು ಜನರ ಮುಂದೆ ಮಾತಾಡದ ಮನುಷ್ಯ. ಗಾಡಿ ಚಾಲೂ ಮಾಡಿ ಬಾನೆಟ್ ಎತ್ತಿದರು. "ಬಂದು ನೋಡ್ರಿ. ಕೆಂಪು, ಗುಲಾಬಿ, ಆ ಕಡೆ ಚಿನ್ನ. ಮೂರೂ ನಮ್ಮವೇ, ಈ ಮಂಗ ಹಚ್ಚಿದ ಬಣ್ಣ. ನಡುವೆ ಒಂದು ಹೊಸದು. ಮೇಸ್ತ್ರಿ ಅಂದಿದ್ದೂ ಅದೊಂದೇ, ಹಾಕಿದ್ದೂ ಅದೊಂದೇ. ಸದ್ದು ಕೇಳ್ರಿ."

ಡ್ರೈವರುಗಳು ಮನುಷ್ಯರ ಮಾತು ನಂಬುವುದಿಲ್ಲ, ಇಂಜಿನ್ನಿನ ಮಾತು ನಂಬುತ್ತಾರೆ. ಒಬ್ಬೊಬ್ಬರೇ ಬಂದು ಬಗ್ಗಿ, ಬಣ್ಣ ಎಣಿಸಿ, ಕಿವಿ ಓರೆ ಮಾಡಿ ನಿಂತರು. ಎಲ್ಲರೂ ಥೇಟ್ ಮೇಸ್ತ್ರಿಯ ಹಾಗೇ ನಿಂತಿದ್ದರು. ನನ್ನ ಕೆಲಸವನ್ನು ಅವರೇ ಮಾಡುತ್ತಿದ್ದರು. ಆಟೋದವನು ಕೊನೆಯವನು. ಬಹಳ ಹೊತ್ತು ಕೇಳಿ, "ನನ್ನ ಆಟೋನೂ ನಡುಗ್ತೈತಪ" ಎಂದ, ಯಾರಿಗೂ ಅಲ್ಲದ ಹಾಗೆ.

ಈ ಎರಡನೇ ಆಟವನ್ನು ಯಾರೂ ವಿಡಿಯೊ ಮಾಡಲಿಲ್ಲ. ಮೊದಲನೆಯದು ಇನ್ನೂ ಎಲ್ಲೋ ಸುತ್ತುತ್ತಿದೆ. ಆದರೆ ಆ ವಾರ ನ್ಯಾಮತಿಗೆ ಹೋದಾಗ ಶೆಡ್ಡಿನ ಮುಂದೆ ಆ ಲಗೇಜ್ ಆಟೋ ನಿಂತಿತ್ತು. ಇನ್ನೊಂದು ವಾರಕ್ಕೆ ಒಂದು ಟೆಂಪೋ ಮತ್ತು ಒಂದು ಟ್ರ್ಯಾಕ್ಟರು. ಬಂದವರು ಸುಮ್ಮನೆ ಬರಲಿಲ್ಲ. ಆಟೋದವನ ಜೇಬಿನಲ್ಲಿ ಹೆಂಡತಿಯ ಬಾಟಲಿ, ಟೆಂಪೋದವನದು ಮಗಳದು. ಗುರುತಿಗೆ ಹಚ್ಚಿದ ನೇಲ್ ಪಾಲಿಶ್ ಡೀಸೆಲ್ಲಿಗೂ ಅಳಿಸುವುದಿಲ್ಲ ಎಂಬ ಜ್ಞಾನ ಒಂದನ್ನು ನಾನು ಈ ತಾಲ್ಲೂಕುಗಳಿಗೆ ಕೊಟ್ಟಂತಾಯಿತು. ಮೇಸ್ತ್ರಿ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ: "ಹೊರಗೆ ಎಷ್ಟಾದ್ರೂ ಹಚ್ಕೊಳ್ರಪ್ಪ, ಒಳಗೆ ಬ್ಯಾಡ." ಕೈಪಂಪನ್ನು ಒಳಕೋಣೆಯಿಂದ ತಂದು ಬಾಗಿಲಲ್ಲೇ ಕೂರಿಸಿದ್ದಾರೆ.

ಈಗ ಅವರ ಗ್ರೀಸ್ ಡಬ್ಬಿಯ ಪಕ್ಕದಲ್ಲೇ ಒಂದು ಬಾಟಲಿ ಇರುತ್ತದೆ, ಮರೆತು ಬಂದವರಿಗಾಗಿ. ಮಿರಿಮಿರಿ ಚಿನ್ನದ ಬಣ್ಣ. ಅಕ್ಕನ ಡಬ್ಬಿಯಲ್ಲಿ ಆ ಬಣ್ಣದ್ದೇ ಒಂದು ಅಂದಿನಿಂದ ಕಾಣೆ, ಅವಳ ಅನುಮಾನ ಇವತ್ತಿಗೂ ನನ್ನ ಮೇಲೆ. ನಾನಂತೂ ಕೊಟ್ಟಿಲ್ಲ. ಭಾವನನ್ನು ಕೇಳಿದೆ. "ನನಗೇನು ಗೊತ್ತು?" ಎಂದರು, ಮೂಗಿನಿಂದ.

ಎರಡನೇ ಸಲ ಕೇಳಲಿಲ್ಲ.